ಮೂರು ಕಿಲೋಮೀಟರ್ ಓಡಬಲ್ಲಿರಾ?

ಮಕ್ಕಳೇ, ನಿಮ್ಮ ಕ್ರೀಡಾಕೂಟದಲ್ಲಿ 3 ಕಿ.ಮೀ. ಓಟ ಇದೆ ಎಂದುಕೊಳ್ಳಿ. ಶಿಳ್ಳೆ ಕೇಳಿದ ಕೂಡಲೇ ಎಲ್ಲರೂ ಬಾಣದಂತೆ ಚಿಮ್ಮುತ್ತಾರೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಎಷ್ಟೋ ಮಂದಿ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಾರೆ. "ನನ್ನ ಕೈಲಾಗಲ್ಲ ಮಿಸ್, ನನಗೆ ದಮ್ಮಿಲ್ಲ" ಎಂದು ಪಕ್ಕಕ್ಕೆ ಸರಿಯುತ್ತಾರೆ. 7ನೇ ತರಗತಿಯಲ್ಲಿ ನಾನೂ ಹಾಗೆ ಸರಿದವಳೇ. ದಮ್ಮು ಎಂಬುದನ್ನು ಬೆಳೆಸಿಕೊಳ್ಳಬಹುದು ಎಂದು ಆಗ ನನಗೆ ತಿಳಿದಿರಲಿಲ್ಲ. ಹೇಗೆ ಬೆಳೆಸುವುದು? ನೋಡೋಣ.

ಏದುಸಿರು ಏಕೆ?

ಓಡುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ಶಕ್ತಿ ಬೇಕು. ಆಮ್ಲಜನಕದ ನೆರವಿನಿಂದ ಗ್ಲೂಕೋಸನ್ನು ಒಡೆದು ಅವು ಶಕ್ತಿ ಪಡೆಯುತ್ತವೆ. ಆಮ್ಲಜನಕವನ್ನು ಒಳಗೆಳೆಯುವುದು ಶ್ವಾಸಕೋಶ, ಸಾಗಿಸುವುದು ರಕ್ತ, ರಕ್ತವನ್ನು ತಳ್ಳುವುದು ಹೃದಯ. ಆರಂಭದಲ್ಲೇ ಜೋರಾಗಿ ಓಡಿದರೆ ಈ ಮಾರ್ಗದಿಂದ ಬರುವ ಶಕ್ತಿ ಸಾಲದು. ಆಗ ಸ್ನಾಯುಗಳು ಆಮ್ಲಜನಕವಿಲ್ಲದೆಯೂ ಗ್ಲೂಕೋಸನ್ನು ಒಡೆಯುತ್ತವೆ. ಇದು ವೇಗದ ದಾರಿ. ಆದರೆ ಒಂದು ಅಣುವಿನಿಂದ ಸಿಗುವ ಶಕ್ತಿ ತೀರ ಕಡಿಮೆ, ಹೆಚ್ಚು ಹೊತ್ತು ನಡೆಯುವುದೂ ಇಲ್ಲ. ಉಸಿರು ಏರುತ್ತದೆ, ಕಾಲು ಭಾರವಾಗುತ್ತದೆ.

ಈ ದಾರಿಯಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಮ್ಲವೇ ಮರುದಿನದ ಕಾಲುನೋವಿಗೆ ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. ಆದರೆ ಓಟ ನಿಂತ ಸುಮಾರು ಒಂದು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಮೊದಲಿನಂತಾಗುತ್ತದೆ. ಮರುದಿನದ ನೋವಿಗೆ ಸ್ನಾಯುವಿನ ಎಳೆಗಳಲ್ಲಾದ ಅತಿ ಸಣ್ಣ ಹಾನಿಯೇ ಮುಖ್ಯ ಕಾರಣ. ವಿಶ್ರಾಂತಿ ಪಡೆದಾಗ ದೇಹ ಅದನ್ನು ಸರಿಪಡಿಸಿ ಸ್ನಾಯುವನ್ನು ಗಟ್ಟಿ ಮಾಡುತ್ತದೆ. ಆದ್ದರಿಂದ ವಿಶ್ರಾಂತಿಯೂ ಅಭ್ಯಾಸದ ಭಾಗವೇ.

ಅಭ್ಯಾಸದಿಂದ ಏನಾಗುತ್ತದೆ?

ಕೆಲವು ವಾರ ನಿಯಮಿತವಾಗಿ ಓಡಿದರೆ ಹೃದಯವು ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಸ್ನಾಯುಗಳಲ್ಲಿ ಲೋಮನಾಳಗಳು ಹೆಚ್ಚುತ್ತವೆ. ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಗಳೂ ಹೆಚ್ಚುತ್ತವೆ. ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ಇನ್ನೂ ಹೆಚ್ಚು ಸಮಯ ಬೇಕು. ಅವಸರಪಟ್ಟರೆ ಪೆಟ್ಟು ಬೀಳುವುದು ಅವಕ್ಕೇ.

ಎಂಟು ವಾರಗಳ ಅಭ್ಯಾಸ

ವಾರಕ್ಕೆ 3 ದಿನ ಸಾಕು. ನಡುವೆ ಒಂದು ದಿನ ಬಿಡುವು ಇರಲಿ. ಮೊದಲು 5 ನಿಮಿಷ ನಡೆಯಿರಿ. ನಂತರ:

1–2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ – 7 ಬಾರಿ
3–4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ – 5 ಬಾರಿ
5–6ನೇ ವಾರ: 4 ನಿಮಿಷ ಓಟ, 1 ನಿಮಿಷ ನಡಿಗೆ – 4 ಬಾರಿ
7ನೇ ವಾರ: 9 ನಿಮಿಷ ಓಟ, 1 ನಿಮಿಷ ನಡಿಗೆ – 2 ಬಾರಿ
8ನೇ ವಾರ: ನಿಲ್ಲದೆ 20 ನಿಮಿಷ ಓಟ

ವೇಗ ಎಷ್ಟಿರಬೇಕು? ಪಕ್ಕದ ಗೆಳೆಯರೊಡನೆ ಮಾತಾಡುತ್ತ ಓಡುವಷ್ಟು. ಮಾತು ತುಂಡಾಗುತ್ತಿದ್ದರೆ ನಿಧಾನಿಸಿ. ದೂರ ತಿಳಿಯಲು ಮೈದಾನದ ಸುತ್ತಳತೆಯನ್ನು ಹಗ್ಗದಿಂದ ಅಳೆಯಿರಿ. ಅದು 150 ಮೀಟರ್ ಇದ್ದರೆ 3 ಕಿ.ಮೀ.ಗೆ 20 ಸುತ್ತು.

ಮಾಡಿ ನೋಡಿ

ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು 15 ಸೆಕೆಂಡು ನಾಡಿಮಿಡಿತ ಎಣಿಸಿ, 4ರಿಂದ ಗುಣಿಸಿ. ಕುಳಿತಾಗ, 3 ನಿಮಿಷ ಓಡಿದ ಕೂಡಲೇ, ಮತ್ತೆ 1 ನಿಮಿಷ ಬಿಟ್ಟು, ಹೀಗೆ ಮೂರು ಬಾರಿ ಬರೆದಿಡಿ. ಎಂಟು ವಾರದ ನಂತರ ಅದೇ ವೇಗದಲ್ಲಿ ಓಡಿ ಹೋಲಿಸಿ. ಮಿಡಿತ ಬೇಗ ಇಳಿಯುತ್ತಿದೆಯೇ? ಹಾಗಿದ್ದರೆ ನಿಮ್ಮ ದಮ್ಮು ಹೆಚ್ಚಿದೆ.

ನೆನಪಿರಲಿ

* ಬೆಳಿಗ್ಗೆ ಅಥವಾ ಸಂಜೆ ಓಡಿ. ಸುಡುಬಿಸಿಲಿನಲ್ಲಿ ಬೇಡ. ನೀರು ಕುಡಿಯಿರಿ.
* ಬಿಸಿಯೂಟದ ನಂತರ ಎರಡು ಗಂಟೆಯಾದರೂ ಬಿಡಿ.
* ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್‌ಗೆ ಕಬ್ಬಿಣಾಂಶ ಬೇಕು. ಹುರುಳಿಕಾಳು, ಸೊಪ್ಪು ತಿನ್ನಿ, ಮೇಲೆ ನಿಂಬೆರಸ ಹಿಂಡಿಕೊಳ್ಳಿ. ಅದರಲ್ಲಿರುವ ಸಿ ಜೀವಸತ್ವ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯಬೇಡಿ.
* ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ, ಶಿಕ್ಷಕರಿಗೆ ಹೇಳಿ. ಉಬ್ಬಸ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಓಡಬೇಕು.

ಓಟದ ದಿನ ಮೊದಲ ಸುತ್ತಿನಲ್ಲಿ ಹಲವರು ನಿಮ್ಮನ್ನು ಹಿಂದೆ ಹಾಕಬಹುದು. ಹಾಕಲಿ ಬಿಡಿ. ಅಭ್ಯಾಸದ ವೇಗದಲ್ಲೇ ಹೋಗಿ. ಎಷ್ಟನೆಯವರಾಗಿ ಬಂದಿರಿ ಎನ್ನುವುದಕ್ಕಿಂತ 20ನೇ ಸುತ್ತಿನಲ್ಲೂ ಓಡುತ್ತಿದ್ದಿರಾ ಎನ್ನುವುದೇ ದೊಡ್ಡದು.