ಬೆನ್ನಿನ ಸ್ನಾಯು ಹೃದಯಕ್ಕೆ ನೆರವಾದಾಗ

ನಮ್ಮ ಗೋಣಿಬೀಡಿನ ಕಡೆ ಕಾಫಿ ಮೂಟೆ ಹೊರುವವರ ಬೆನ್ನು ಗಮನಿಸಿದ್ದೀರಾ? ಕಂಕುಳ ಕೆಳಗಿಂದ ಸೊಂಟದವರೆಗೆ ಹರಡಿರುವ ಆ ಅಗಲವಾದ ಸ್ನಾಯುವಿಗೆ ಲ್ಯಾಟಿಸಿಮಸ್ ಡಾರ್ಸಿ ಅಂತ ಹೆಸರು. ಸೋತ ಹೃದಯಕ್ಕೆ ಇದನ್ನೇ ಸುತ್ತಿ ಬಲ ಕೊಡಬಹುದಾ ಅಂತ ಒಂದು ಕಾಲದಲ್ಲಿ ಡಾಕ್ಟರುಗಳು ಪ್ರಯತ್ನಿಸಿದ್ದರು.

ಅಪ್ಪನಿಗೆ ಹಾರ್ಟ್ ಫೇಲ್ಯೂರ್ ಅಂತ ಗೊತ್ತಾದ ಮೇಲೆ ನಾನು ಈ ಬಗ್ಗೆ ಓದೋಕೆ ಶುರು ಮಾಡಿದೆ. "ಬೆನ್ನು ಗಟ್ಟಿಯಾಗೇ ಇದೆ ಕಣೋ, ಎದೆಗೆ ಮಾತ್ರ ಸುಸ್ತು" ಅಂತ ಅಪ್ಪ ತಮಾಷೆ ಮಾಡ್ತಾರೆ. ಆ ತಮಾಷೆಯಲ್ಲೊಂದು ನಿಜವಾದ ಚಿಕಿತ್ಸೆಯ ಕಥೆ ಇದೆ.

1985ರಲ್ಲಿ ಪ್ಯಾರಿಸ್‌ನಲ್ಲಿ ಅಲೆನ್ ಕಾರ್ಪೆಂಟಿಯೆ ಅವರ ತಂಡ ಈ ಶಸ್ತ್ರಚಿಕಿತ್ಸೆಯನ್ನು ರೋಗಿಯೊಬ್ಬರ ಮೇಲೆ ಯಶಸ್ವಿಯಾಗಿ ಮಾಡಿತು. ಹೆಸರು ಕಾರ್ಡಿಯೋಮಯೋಪ್ಲಾಸ್ಟಿ. ನರ, ರಕ್ತನಾಳ ಕಡಿಯದೆ ಸ್ನಾಯುವನ್ನು ಎದೆಯೊಳಗೆ ತಂದು ಹೃದಯಕ್ಕೆ ಸುತ್ತುತ್ತಿದ್ದರು. ಪೇಸ್‌ಮೇಕರ್ ತರಹದ ಸಾಧನ ಹೃದಯದ ಬಡಿತ ಗಮನಿಸಿ, ಅದಕ್ಕೆ ಸರಿಯಾಗಿ ಸ್ನಾಯುವಿಗೆ ವಿದ್ಯುತ್ ಮಿಡಿತ ಕೊಡುತ್ತಿತ್ತು. ಸ್ವಂತ ಸ್ನಾಯುವಾದ್ದರಿಂದ ದಾನಿಗೆ ಕಾಯಬೇಕಿಲ್ಲ, ದೇಹ ಅದನ್ನು ತಿರಸ್ಕರಿಸುವ ಭಯವೂ ಇಲ್ಲ.

ಆದರೆ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ. ಬೆನ್ನಿನ ಸ್ನಾಯು ಅಷ್ಟು ದುಡಿದರೆ ಬೇಗ ದಣಿಯುತ್ತೆ. ಹಾಗಾಗಿ ಆಪರೇಷನ್ ಆದ ಮೇಲೆ ಮೊದಲು ವಿಶ್ರಾಂತಿ, ಆಮೇಲೆ ವಾರಗಟ್ಟಲೆ ಮಿಡಿತಗಳನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ತಾಲೀಮು. ಇದರಿಂದ ಬೇಗ ದಣಿಯುವ ಎಳೆಗಳು ನಿಧಾನವಾಗಿ ದಣಿಯುವ ಎಳೆಗಳಾಗಿ ಬದಲಾಗುತ್ತಿದ್ದವು. ತೊಡಕು ಇದ್ದದ್ದೂ ಇಲ್ಲೇ: ದಣಿಯದ ಸ್ನಾಯುವಿಗೆ ವೇಗವೂ ಕಡಿಮೆ, ಬಲವೂ ಕಡಿಮೆ.

ಅನೇಕ ರೋಗಿಗಳಿಗೆ ಏದುಸಿರು ಕಡಿಮೆಯಾಯಿತು, ಆದರೆ ಹೃದಯ ಪಂಪ್ ಮಾಡುವ ಪ್ರಮಾಣದಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ತೀರಾ ನಿತ್ರಾಣರಾದವರಿಗೆ ಆಪರೇಷನ್ನೇ ಅಪಾಯ. ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆ ಸಾಕಷ್ಟು ರೋಗಿಗಳು ಸೇರದೆ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಒಳ್ಳೆಯ ಔಷಧಿಗಳೂ ರಕ್ತ ಪಂಪ್ ಮಾಡುವ ಯಂತ್ರಗಳೂ ಬಂದವು.

ಹಾಗಂತ ಆ ಶ್ರಮ ದಂಡ ಆಗಲಿಲ್ಲ. ತಾಲೀಮಿನಿಂದ ಸ್ನಾಯುವಿನ ಗುಣವನ್ನೇ ಬದಲಿಸಬಹುದು ಅನ್ನೋದು ಮನುಷ್ಯರಲ್ಲೂ ಕಂಡಿತು.

ನಮ್ಮನೇಲಿ ಈಗ ಕೆಲಸಕ್ಕೆ ಬರ್ತಿರೋದು ಸಾದಾ ವಿಷಯಗಳು: ತಪ್ಪದೆ ಮಾತ್ರೆ, ಊಟದಲ್ಲಿ ಕಡಿಮೆ ಉಪ್ಪು, ದಿನಾ ಬೆಳಿಗ್ಗೆ ತೂಕ. ಎರಡು ಮೂರು ದಿನದಲ್ಲಿ ತೂಕ ದಿಢೀರ್ ಏರಿದರೆ, ಕಾಲು ಊದಿದರೆ ಮೈಯಲ್ಲಿ ನೀರು ತುಂಬ್ತಿರಬಹುದು. ಆಗ ನಾಳೆ ನೋಡೋಣ ಅನ್ನದೆ ಅವತ್ತೇ ಡಾಕ್ಟರಿಗೆ ಫೋನ್. ಬೆಂಗಳೂರಲ್ಲಿರೋ ನನಗೆ ಅಮ್ಮ ಪ್ರತಿದಿನ ಕಳಿಸೋ ಮೆಸೇಜ್ ಒಂದೇ, ಅಪ್ಪನ ತೂಕ.