ತಂದೆ ದುಬೈಯಲ್ಲಿ, ಮಗಳು ಪಿಯುಸಿಯಲ್ಲಿ



ದೇಗಾಂವದ ಕಮಲನಾರಾಯಣ ಗುಡಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹನ್ನೆರಡನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿ. ಕಿತ್ತೂರು, ಬೈಲಹೊಂಗಲ ಕಡೆಯವರು ದುಡಿಯಲು ಗೋವೆಗೆ ಹೋಗುವುದು ಇಂದಿಗೂ ಉಂಟು. 1961ರ ಡಿಸೆಂಬರ್‌ವರೆಗೆ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ಎಂದರೆ ಈ ಸೀಮೆಗೆ ಅತಿ ಹತ್ತಿರದ ಪರದೇಶ ಅಂದು ಅದೇ! ಇಂದು ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡಿನ ಮನೆಗಳಲ್ಲಿ ಪರದೇಶವೆಂದರೆ ಮೊದಲು ನೆನಪಾಗುವುದು ಕೊಲ್ಲಿ ದೇಶಗಳು.

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಅಲ್ಲಿ ಕೆಲಸಗಳು ಹೆಚ್ಚಿದವು. ಹೋದವರು ಮನೆಯವರನ್ನೂ ಕರೆದೊಯ್ಯಬಾರದೇ ಎಂದು ನೀವು ಕೇಳಬಹುದು. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4000 ದಿರ್ಹಮ್ ಸಂಬಳ, ಇಲ್ಲವೇ 3000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಅಷ್ಟು ಗಳಿಸದ ತಂದೆ ಒಬ್ಬರೇ ಇರಬೇಕಾಗುತ್ತದೆ. ಮಕ್ಕಳು ತಾಯಿಯೊಡನೆಯೋ ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಓದುತ್ತಾರೆ.

ಇವರು ಓದಿನಲ್ಲಿ ಹಿಂದೆ ಬೀಳುತ್ತಾರೆಯೇ? ವಿಜ್ಞಾನ ಓದಿದವನಾದ್ದರಿಂದ ನನ್ನ ಮರುಪ್ರಶ್ನೆ: ಯಾರೊಡನೆ ಹೋಲಿಸಿ? ಹೊರಗಿನಿಂದ ಬಂದ ಹಣ ಫೀಸು ಕಟ್ಟುತ್ತದೆ, ಟ್ಯೂಷನ್ನಿಗೂ ಆಗುತ್ತದೆ. ಹಣವಿಲ್ಲದ ನೆರೆಮನೆಯ ಹುಡುಗನೊಡನೆ ಹೋಲಿಸಿದರೆ ಇವರ ಅಂಕ ಹೆಚ್ಚೇ ಇರಬಹುದು. ಅದು ಹಣದ ಪರಿಣಾಮ. ತಂದೆ ದೂರವಿರುವುದರ ಪರಿಣಾಮ ತಿಳಿಯಬೇಕಾದರೆ ಅದೇ ಕಾಲೇಜಿನ, ಅಷ್ಟೇ ವರಮಾನದ, ಇಬ್ಬರೂ ಊರಲ್ಲೇ ಇರುವ ಮನೆಯ ಮಕ್ಕಳೊಡನೆ ಹೋಲಿಸಬೇಕು. ದೊಡ್ಡ ಸಂಖ್ಯೆಯಲ್ಲಿ ಜನರನ್ನು ಹೊರದೇಶಕ್ಕೆ ಕಳುಹಿಸುವ ಫಿಲಿಪೀನ್ಸ್‌ನಲ್ಲಿ ಇಂಥ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಹಲವದರಲ್ಲಿ ಇಂಥ ಮಕ್ಕಳು ಒಟ್ಟಾರೆ ಓದಿನಲ್ಲಿ ಹಿಂದೆ ಬಿದ್ದಿರಲಿಲ್ಲ. ತಾಯಿ ದೂರವಿದ್ದ ಮನೆಗಳಲ್ಲಿ ಕೊರತೆ ಕಂಡುಬಂದದ್ದುಂಟು.

ನನ್ನ ಅನಿಸಿಕೆಯಲ್ಲಿ ಅಂಕಪಟ್ಟಿಗೆ ಕಾಣದ ನಷ್ಟ ಇನ್ನೊಂದಿದೆ, ಅದು ಸಮಯದ್ದು. ಬ್ಯಾಂಕು, ಕರೆಂಟ್ ಬಿಲ್ಲು, ಅಜ್ಜನ ಔಷಧಿ, ತಮ್ಮನ ಶಾಲೆಯ ಸಭೆ ಇವೆಲ್ಲ ಹಿರಿಯ ಮಗಳ ಪಾಲಿಗೆ ಬರುತ್ತವೆ. ಪರೀಕ್ಷೆಯ ತಿಂಗಳಲ್ಲೂ ಅದಕ್ಕೆ ಬಿಡುವಿಲ್ಲ. ‘ಹಣ ಬರುತ್ತಿದೆಯಲ್ಲ, ಓದಲೇನು ಕಷ್ಟ?’ ಎನ್ನುವ ಬಂಧುಗಳು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಅಂಥವರಾದರೆ ಒಂದು ವಾರ ಈ ಗಂಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದೆಗೂ ತರಗತಿಯ ಅಧ್ಯಾಪಕರಿಗೂ ತೋರಿಸಿ.

ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ತಂದೆ ಏಳಕ್ಕೆ ಕೋಣೆ ಸೇರಿದರೆ ಇಲ್ಲಿ ಎಂಟೂವರೆ, ಪುಸ್ತಕ ತೆರೆದಿರುವ ಹೊತ್ತು. ಫೋನಿನಲ್ಲಿ ಅವರು ಕೇಳುವುದು ಅಂಕವನ್ನೇ. ಅರ್ಥವಾಗದೆ ಉಳಿದ ಪಾಠದ ಹೆಸರನ್ನೂ ಅವರಿಗೆ ಹೇಳಿ.