ಕೂತ ಜಾಗ ಭದ್ರವಿದ್ದರೆ ವಜ್ರ ಉಳಿದೀತು

ಮದುವೆಮನೆಯಿಂದ ಮರಳಿ ಕೈ ತೊಳೆಯುವಾಗ ಉಂಗುರದತ್ತ ಕಣ್ಣು ಹಾಯುತ್ತದೆ. ಎದೆ ಧಸಕ್ಕೆನ್ನುತ್ತದೆ. ಚಿನ್ನದ ಕಾಲುಗಳು ಹಾಗೇ ನಿಂತಿವೆ. ನಡುವಿನ ವಜ್ರ ಮಾತ್ರ ಇಲ್ಲ! ಊಟದ ಪಂಕ್ತಿ, ಆಟೋದ ಸೀಟು, ಬಚ್ಚಲ ಜಾಲರಿ... ಎಲ್ಲೆಂದು ಹುಡುಕುವುದು? ಅಮ್ಮನ ಓಲೆಯಿಂದ ಬಿಚ್ಚಿಸಿ ಕೂರಿಸಿದ ಹರಳಾದರಂತೂ ಎಷ್ಟು ಹಣ ಕೊಟ್ಟರೂ ಅದು ಮತ್ತೆ ಸಿಗದು.

'ಕಾಲುಗಳನ್ನು ಇನ್ನಷ್ಟು ಬಲವಾಗಿ ಒತ್ತಬೇಕಿತ್ತು' ಎಂದು ಆಗ ಎಲ್ಲರೂ ಹೇಳುತ್ತಾರೆ. ಆದರೆ ದುಂಡು ವಜ್ರವನ್ನು ಉಳಿಸುವುದು ಬರೀ ಒತ್ತಡವಲ್ಲ, ಅದು ಕೂತ ಜಾಗ.

ನಮ್ಮ ಹಳೆಯ ಒಡವೆಗಳಲ್ಲಿ ಸಾಮಾನ್ಯವಾಗಿ ಹರಳಿನ ಹಿಂಬದಿಯನ್ನು ಚಿನ್ನದಿಂದ ಮುಚ್ಚುತ್ತಿದ್ದರು. ಪ್ರಾಂಗ್ ಉಂಗುರದ ರೀತಿಯೇ ಬೇರೆ. ಇಲ್ಲಿ ತೆಳು ಕಾಲುಗಳು ಹರಳನ್ನು ಮೇಲೆತ್ತಿ ಹಿಡಿಯುತ್ತವೆ. ಬೆಳಕು ಸುತ್ತಲಿಂದಲೂ ಹಾಯುತ್ತದೆ. ಅಮೆರಿಕದ ಟಿಫನಿ ಕಂಪನಿ 1886ರಲ್ಲಿ ತಂದ ಆರು ಕಾಲಿನ ಉಂಗುರ ಇದಕ್ಕೆ ಹೆಸರಾಯಿತು. ನಾಲ್ಕು ಕಾಲಿನದರಲ್ಲಿ ಒಂದು ಮುರಿದರೆ ಹರಳು ಜಾರುವ ಭಯವುಂಟು. ಆರರಲ್ಲಿ ಒಂದು ಹೋದರೂ ಉಳಿದ ಐದು ಆಸರೆಯಾಗಬಲ್ಲವು.

ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಆ ತೂಕದ ದುಂಡು ವಜ್ರದ ಅಗಲ ಸುಮಾರು ಆರೂವರೆ ಮಿಲಿಮೀಟರ್. ಅದರ ಅತಿ ಅಗಲದ ಭಾಗವೇ ನಡುಪಟ್ಟಿ. ಕುಶಲಕರ್ಮಿ ಮೊದಲು ಉಂಗುರವನ್ನು ಅರಗಿನಲ್ಲೋ ಹಿಡಿಕೆಯಲ್ಲೋ ಅಲುಗದಂತೆ ನಿಲ್ಲಿಸುತ್ತಾನೆ. ನಂತರ ಪ್ರತಿ ಕಾಲಿನ ಒಳಮೈಯಲ್ಲೂ ನಡುಪಟ್ಟಿ ಕೂರುವಷ್ಟು ಕಚ್ಚು ಕೊರೆಯುತ್ತಾನೆ. ಎಲ್ಲ ಕಚ್ಚುಗಳೂ ಒಂದೇ ಎತ್ತರದಲ್ಲಿರಬೇಕು; ಇಲ್ಲದಿದ್ದರೆ ಹರಳು ವಾಲುತ್ತದೆ. ಕಾಲಿನ ದಪ್ಪದಲ್ಲಿ ಮೂರರಲ್ಲೊಂದು ಪಾಲು ಕೊರೆದರೆ ಹಿತ. ಅರ್ಧ ದಾಟಿದರೆ ಕಾಲೇ ದುರ್ಬಲ.

ಜೇನುಮೇಣ ಹಚ್ಚಿದ ಕಡ್ಡಿಯಿಂದ ಹರಳನ್ನೆತ್ತಿ ಕೂರಿಸಿದ ಮೇಲೆ ತಾಳ್ಮೆಯ ಕೆಲಸ. ಒಂದು ಕಾಲನ್ನು ತುಸು ಒತ್ತಿ, ಎದುರಿನದನ್ನು ತುಸು ಒತ್ತಿ, ಹೀಗೆ ಸುತ್ತಿ ಬರಬೇಕು. ಒಂದನ್ನೇ ಪೂರ್ತಿ ಮಡಚಿದರೆ ಹರಳು ಪಕ್ಕಕ್ಕೆ ಸರಿಯುತ್ತದೆ. 'ವಜ್ರಕ್ಕೇನಾದೀತು?' ಎಂಬ ಧೈರ್ಯವೂ ಸಲ್ಲದು. ಗೀರು ಬೀಳದಷ್ಟು ಗಟ್ಟಿಯಾದ ವಜ್ರ ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ನಡುಪಟ್ಟಿ ತೆಳುವಾಗಿದ್ದರೆ ಚಕ್ಕೆಯೇಳುತ್ತದೆ. ಕೊನೆಗೆ ಕಾಲಿನ ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡುತ್ತಾರೆ.

22 ಕ್ಯಾರೆಟ್ ಚಿನ್ನ ಮೆದು. ಆದ್ದರಿಂದಲೇ ವಜ್ರದ ಉಂಗುರಗಳಿಗೆ ನೂರಕ್ಕೆ 75 ಪಾಲು ಚಿನ್ನವಿರುವ 18 ಕ್ಯಾರೆಟ್ ಬಳಸುವುದೇ ಹೆಚ್ಚು. ಅದೂ ಸವೆಯುತ್ತದೆ. ಪಾತ್ರೆ ಉಜ್ಜುವಾಗ, ಬಸ್ಸಿನ ಕಂಬಿ ಹಿಡಿವಾಗ ತುದಿಗಳು ಕಾಣದಂತೆ ತೆಳುವಾಗುತ್ತವೆ.

ಮನೆಯಲ್ಲೇ ಪರೀಕ್ಷಿಸಬಹುದು. ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಒಳಗೆ ಸದ್ದಾದರೆ ಹರಳು ಸಡಿಲವಾಗಿದೆ. ತುದಿಗಳ ಮೇಲೆ ಹತ್ತಿ ಸವರಿ. ಎಳೆ ಸಿಕ್ಕಿಕೊಂಡರೆ ಕಾಲೊಂದು ಎದ್ದಿದೆ. ಆಗ ಉಂಗುರ ತೆಗೆದಿಟ್ಟು ಕೆಲಸ ಬಲ್ಲವರ ಬಳಿ ಒಯ್ಯಿರಿ. ಸೆರಗಿನ ಎಳೆ ಪದೇ ಪದೇ ಉಂಗುರಕ್ಕೆ ಸಿಕ್ಕಿದರೆ ಸೀರೆಯನ್ನು ಬೈಯಬೇಡಿ. ಹರಳು ಕಳೆಯುವ ಮುನ್ನ ಸಿಕ್ಕ ಎಚ್ಚರಿಕೆ ಅದು.